ಹಗುರಾದ ಕಂಪ್ಯೂಟರ್

ವಯಸ್ಸಾದವರಿಗೆ ಪಥ್ಯ ಹೇಳುವುದು ಸುಲಭ. ಪಥ್ಯದಲ್ಲಿರುವವರಿಂದ ಕೆಲಸ ಮಾಡಿಸಿಕೊಳ್ಳುವುದು ಕಷ್ಟ. ಮೊಳಕಾಲ್ಮೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರಿನಿಂದ ನಾನು ಕಲಿತದ್ದು ಇಷ್ಟೇ. ಕಲಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ನನ್ನ ಹೆಂಡತಿ ಶಾರದೆ ಅದರಲ್ಲಿ ರೇಷ್ಮೆ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದಳು. ಚೌಕುಳಿ ಚೌಕುಳಿಯಾಗಿ ಬಣ್ಣ ತುಂಬಿ ನವಿಲು ಕೂರಿಸುವ ಕೆಲಸ. ಒಂದು ರೆಕ್ಕೆ ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಕಣ್ಣು ಮುಚ್ಚಿಬಿಡುತ್ತಿತ್ತು. ಅವಳೇನೂ ದೂರಿರಲಿಲ್ಲ; ನೋಡಲಾಗದೆ ಒದ್ದಾಡಿದವನು ನಾನು. ಅವಳು ತವರಿಗೆ ಹೋದ ದಿನ ಅದನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆ ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿದ್ದ ಅಜ್ಜಿ, "ಕೂಸಿಗೆ ಜ್ವರ ಐತೇನಪ್ಪಾ?" ಎಂದರು. ವಿವರಿಸುವ ಶಕ್ತಿಯಿಲ್ಲದೆ ಹೌದೆಂದೆ. ಅವರು ಸಂಚಿಯಿಂದ ವಿಭೂತಿ ತೆಗೆದು ದುಪ್ಪಟಿಗೆ ಹಚ್ಚಿದರು.

ರಿಪೇರಿ ಅಂಗಡಿಯ ರಫೀಕ್, ಹೊಸ ವಿಂಡೋಸ್ ಈ ಮುದಿ ಯಂತ್ರಕ್ಕೆ ಭಾರ, ಯಾರೋ ಪುಣ್ಯಾತ್ಮರು ಬೇಡದ್ದನ್ನೆಲ್ಲ ಕತ್ತರಿಸಿ ಹಗುರ ಮಾಡಿದ ವಿಂಡೋಸಿನ ಸಿ.ಡಿ. ತನ್ನಲ್ಲಿದೆ ಎಂದ. ಬೇಡದ್ದು ಎಂದರೆ ಏನೇನು ಎಂದು ಕೇಳಲು ನನಗೆ ಹೊಳೆಯಲಿಲ್ಲ. ಶಾರದೆಯ ನಕ್ಷೆಗಳನ್ನು ಜೋಪಾನವಾಗಿ ತೆಗೆದಿಟ್ಟು, ಅದನ್ನೇ ಹಾಕಿಕೊಟ್ಟ. ಮನೆಗೆ ತಂದು ಗುಂಡಿ ಒತ್ತಿದರೆ, ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು. ನನಗೇ ವಯಸ್ಸು ಇಳಿದಂತಾಯಿತು.

ಮರುದಿನ ಶಾರದೆ ಬಂದು ಅದರ ಮುಂದೆ ಕುಳಿತಳು. ಮದುವೆ ಸೀರೆಯ ನಕ್ಷೆಗಾಗಿ ನೇಕಾರ ಓಬಳೇಶ ಜಗಲಿಯಲ್ಲಿ ಕಾದಿದ್ದ. ಅವಳು ಹುಡುಕಿದಳು, ಮತ್ತೆ ಹುಡುಕಿದಳು. ಚಿತ್ರ ಬರೆಯುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ; ಪ್ರಿಂಟರ್ ಕೂಡ ಅದಕ್ಕೆ ಅಪರಿಚಿತವಾಗಿತ್ತು. ಕತ್ತರಿಸಿದವನಿಗೆ ಅವೆರಡೂ ಬೇಡದವಾಗಿದ್ದವು.

"ಅಕ್ಕಾ, ಮಗ್ಗ ಖಾಲಿ ಐತೆ," ಎಂದ ಓಬಳೇಶ, ಮೆಲ್ಲಗೆ.

ಶಾರದೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ಗ್ರಾಫ್ ಹಾಳೆ ಹಾಸಿಕೊಂಡು, ಸಂಜೆಯವರೆಗೆ ಬಗ್ಗಿ ಕುಳಿತು, ಪೆನ್ಸಿಲ್ಲಿನಲ್ಲೇ ನವಿಲು ಮುಗಿಸಿ ಅವನ ಕೈಗಿತ್ತಳು. ಆಮೇಲೆ ಬೆರಳು ನೀವಿಕೊಳ್ಳುತ್ತ, "ಬಿರ್ರನೆ ಓಡ್ಲಿ ಅಂತ ಯಾರು ಕೇಳಿದ್ರು ರೀ?" ಎಂದಳು.

ಮತ್ತೆ ದುಪ್ಪಟಿ, ಮತ್ತೆ ಬಸ್ಸು. ರಫೀಕ್ ಬೇಸರಿಸದೆ, "ಈ ಸಲ ಏನೇನು ಬೇಕು ಹೇಳ್ರಿ ಸಾರ್, ಅಷ್ಟನ್ನ ಉಳಿಸ್ತೀನಿ," ಎಂದ. ಇಷ್ಟು ವರ್ಷ ಅವಳ ಪಕ್ಕದಲ್ಲೇ ಕುಳಿತು ಪೇಪರ್ ಓದಿದ ನನಗೆ, ಅವಳು ಅದರಲ್ಲಿ ಏನೇನು ಬಳಸುತ್ತಾಳೆಂಬುದು ತಿಳಿಯದು. ಕೊನೆಗೆ ಅವನ ಮೊಬೈಲಿನಿಂದ ಮನೆಗೆ ಫೋನ್ ಮಾಡಿದೆ.

"ಅವರ ಕೈಗೆ ಕೊಡ್ರಿ," ಎಂದಳು ಶಾರದೆ.

ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಡುವೆ ರಫೀಕ್ ಫೋನಿಗೆ ಕೈ ಅಡ್ಡ ಹಿಡಿದು, ನಾನು ಬೇಕಾದರೆ ಹೋಗಿ ಚಹಾ ಕುಡಿದು ಬರಬಹುದು ಎಂದ.