ಚಳಿಗಾಲದ ರಜೆಯಲ್ಲಿ ನಮ್ಮ ಹೊಲ ತೋರಿಸಿದ್ದು

ಮನೆಯೊಳಗೆ ಕೂತಿರುವ ತನಕ ನನಗೆ ಏನೂ ಆಗುವುದಿಲ್ಲ. ಒಬ್ಬನೇ ಹೊರಗೆ ಹೊರಟರೆ ಏನಾದರೂ ಆಗಬಹುದು. ಹೆಂಡತಿ ಮಗಳ ಸಮೇತ ಹೊರಟರೆ ಆಗಿಯೇ ತೀರುತ್ತದೆ. ಇಷ್ಟು ಅಭ್ಯಾಸವಾಗಿದ್ದರೂ ಪ್ರತಿ ಸಲ ಹೊಸದಾಗಿಯೇ ಗಾಬರಿಯಾಗುತ್ತೇನೆ.

ಕ್ರಿಸ್‌ಮಸ್ ರಜೆ ಶುರುವಾದ ದಿನವೇ ನಾಲ್ಕನೇ ತರಗತಿಯ ಮಗಳು ಕೇಳಿದಳು: "ಅಪ್ಪಾ, ಕುರುಗೋಡ ಹತ್ರ ನಮ್ಮ ಹೊಲ ಐತಿ ಅಂತೀಯಲ್ಲ, ಈ ರಜಾದಾಗ ತೋರ್ಸು."

ಅದು ನಮ್ಮ ತಂದೆ ಬಿಟ್ಟುಹೋದ ಹೊಲ. ದೊಡ್ಡಪ್ಪನ ಮಗ ನೋಡಿಕೊಳ್ಳುತ್ತಾನೆ. ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ನಾನು ಆ ಕಡೆ ಹೋದವನಲ್ಲ. ಹೆಂಡತಿ ಮದುವೆಯಾದಾಗಿನಿಂದ ಅದರ ಸುದ್ದಿ ಕೇಳಿದ್ದಾಳೆ, ಕಣ್ಣಿಂದ ಕಂಡಿಲ್ಲ. ಅಡುಗೆಮನೆಯಿಂದಲೇ ಹೇಳಿದಳು: "ಇದ್ರ ತೋರಸ್ತಾರ ಬಿಡವ್ವಾ."

ಇನ್ನು ಹೊಲ ತೋರಿಸದಿದ್ದರೆ ಮನೆಯಲ್ಲಿ ನನ್ನ ಯಾವ ಮಾತಿಗೂ ಬೆಲೆ ಇರುವುದಿಲ್ಲ ಎಂದು ಗೊತ್ತಾಯಿತು. ಆದರೂ, "ಮೊದ್ಲು ಗುಡ್ಡ ಹತ್ತೂಣು, ಆಮ್ಯಾಲ ಹೊಳಿ ನೋಡೂಣು" ಎಂದು ಸ್ವಲ್ಪ ದಿನ ತಳ್ಳಿದೆ.

೧. ಬಳ್ಳಾರಿಯ ಗುಡ್ಡ

ನಮ್ಮೂರಿನ ಚಳಿ ಸೂರ್ಯ ಹುಟ್ಟುವ ಮುಂಚೆ ಬಂದು, ಹಾಲಿನವನು ಹೋಗುವಷ್ಟರಲ್ಲಿ ಹೊರಟುಬಿಡುತ್ತದೆ. ಅದನ್ನೇ ನಂಬಿ ಹೆಂಡತಿ ಮೂವರಿಗೂ ಸ್ವೆಟರು, ಮಫ್ಲರು, ಮಂಕಿ ಕ್ಯಾಪು ತೊಡಿಸಿ ಕೋಟೆ ಗುಡ್ಡಕ್ಕೆ ಹೊರಡಿಸಿದಳು. ಅರ್ಧ ಹತ್ತುವಷ್ಟರಲ್ಲಿ ಅವೆಲ್ಲ ಒಂದೊಂದಾಗಿ ಕಳಚಿ ನನ್ನ ಹೆಗಲೇರಿದವು.

ಇಳಿಯುವಾಗ ಎದುರಿಗೆ ಬಂದ ಹಿರಿಯರೊಬ್ಬರು ನನ್ನನ್ನು ತಡೆದು, ಹೆಗಲ ಮೇಲಿದ್ದ ಕೆಂಪು ಸ್ವೆಟರನ್ನು ಬೆರಳಲ್ಲಿ ಉಜ್ಜಿ ನೋಡಿ, ತೆಲುಗಿನಲ್ಲಿ ಬೆಲೆ ಕೇಳಿದರು. ಬಳ್ಳಾರಿಯಲ್ಲಿ ಚೌಕಾಸಿ ಶುರುವಾಗುವುದೇ ತೆಲುಗಿನಲ್ಲಿ. ಇಷ್ಟು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನು ಸ್ವೆಟರ್ ಮಾರುವವನಂತೆ ಕಂಡೆನಲ್ಲ ಎಂದು ಅವಮಾನವಾಯಿತು. ನಿಜವಾದ ಆಘಾತ ಆಮೇಲಿನದು. ಹಿಂದಿನಿಂದ ಹೆಂಡತಿಯ ದನಿ ಕೇಳಿತು:

"ನಾನ್ನೂರು ಕೊಡ್ರಿ. ಒಂದೇ ಸಲ ಹಾಕ್ಕೊಂಡಿದ್ದು."

ಅದು ನನ್ನ ಸ್ವೆಟರು.

೨. ಸಿರುಗುಪ್ಪದ ಹೊಳೆ

ಸಿರುಗುಪ್ಪದಲ್ಲಿ ಹೆಂಡತಿಯ ಅಣ್ಣನ ಮನೆ ಇದೆ. "ಹೊಳಿ ದಂಡಿ ಮ್ಯಾಲ ಆರಾಮ ಕುಂತು ಬುತ್ತಿ ಉಣ್ಣೂಣು" ಎಂದು ನಾನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ನೀವು ಸುಮ್ನ ಬರ್ರಿ, ಎಲ್ಲಾ ನಾ ನೋಡ್ಕೊಂತೀನಿ" ಎಂದರು ಅವರು.

ಹೋಗಿ ನೋಡಿದರೆ ತುಂಗಭದ್ರೆಯ ದಂಡೆಯ ಮೇಲೆ ಶಾಮಿಯಾನ. ಮಗಳಿಗೆ ಬಿಸಿಲು ಬಡಿಯಬಾರದೆಂದು ಮೇಲೊಂದು ಪರದೆ, ತಣ್ಣನೆ ಗಾಳಿ ಸೋಕಬಾರದೆಂದು ನಾಲ್ಕೂ ಕಡೆ ಪರದೆ. ಒಳಗೆ ಜಮಖಾನ, ಕುರ್ಚಿ, ಸೆಖೆಯಾದರೆ ಇರಲಿ ಎಂದು ಬ್ಯಾಟರಿ ಫ್ಯಾನು. ಊಟದ ಮಧ್ಯೆ ಮಗಳು ಕೇಳಿದಳು: "ಮಾವ, ಹೊಳಿ ಎಲ್ಲೈತಿ?"

ಅವರು ಎದ್ದು ಒಂದು ಮೂಲೆಯ ಪರದೆ ಎತ್ತಿದರು. "ಅಗಾ ನೋಡವ್ವಾ." ನೀರು ಫಳಕ್ಕನೆ ಮಿನುಗಿತು. ಕೂಡಲೇ ಪರದೆ ಬಿಟ್ಟರು.

"ಸಾಕು, ನೆಗಡಿ ಆಕ್ಕೈತಿ."

೩. ಕುರುಗೋಡಿನ ಹೊಲ

ಇನ್ನು ತಪ್ಪಿಸಿಕೊಳ್ಳಲು ಗುಡ್ಡವೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಆ ದಿನ ಹೊಲ ಇದ್ದವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಎಂದರೆ ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಹೆಂಡತಿ ಸಜ್ಜೆ ರೊಟ್ಟಿ, ಬದನೆಯ ಎಣಗಾಯಿ, ಅನ್ನ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿದಳು. ದೊಡ್ಡಪ್ಪನ ಮಗ ಫೋನ್ ಎತ್ತಲಿಲ್ಲ. ನನಗೆ ನೆನಪಿದ್ದದ್ದು ಬದುವಿನ ಮೇಲಿನ ಬೇವಿನ ಮರ ಒಂದೇ.

ಮರ ಸಿಕ್ಕಿತು. ಅದರ ಪಕ್ಕ ಕಡಲೆ ಎಂಥಾ ಸೊಗಸಾಗಿ ಬಂದಿತ್ತೆಂದರೆ, ನಾನೇ ಒಂದು ಕ್ಷಣ ದಂಗಾದೆ. "ಇದೇ!" ಎಂದೆ. ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು. ಮಗಳು ಹೊಲದ ಸುತ್ತ ಓಡಾಡಿ ಚರಗ ಚೆಲ್ಲಿದಳು.

ಊಟಕ್ಕೆ ಕೂಡುವ ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿದ ಮುದುಕರೊಬ್ಬರು ಬಂದು ನಮ್ಮನ್ನೇ ನೋಡುತ್ತಾ ನಿಂತರು. ಹಬ್ಬದ ದಿನ ಹೊಲಕ್ಕೆ ಬಂದವರನ್ನು ಹಾಗೇ ಕಳಿಸಬಾರದು. "ಬರ್ರಿ ಯಜಮಾನ್ರ, ನಮ್ಮ ಹೊಲದಾಗ ಎರಡು ತುತ್ತು ಉಣ್ರಿ" ಎಂದೆ.

ಅವರು ನನ್ನ ಮುಖ ನೋಡಿದರು, ಹೋಳಿಗೆ ನೋಡಿದರು, ಕೂತರು.

"ಅಜ್ಜಾ, ಇದು ನಮ್ಮ ಹೊಲ!" ಎಂದಳು ಮಗಳು.

"ಹೌದೇನವ್ವಾ? ಛಲೋ ಬೆಳದೀರಿ."

ಹೆಂಡತಿಗೆ ಹಿಗ್ಗು ತಡೆಯಲಾಗಲಿಲ್ಲ. "ನಾಚ್ಕೋಬ್ಯಾಡ್ರಿ, ಮನಿಗೆ ಬೇಕಾದಷ್ಟು ಕಡ್ಲಿ ಕಿತ್ಕೊಂಡು ಹೋಗ್ರಿ" ಎಂದಳು.

"ದೊಡ್ಡ ಮನಸ್ಸು ತಾಯಿ ನಿಮ್ದು" ಎಂದ ಅಜ್ಜ ಮೂರನೇ ಹೋಳಿಗೆ ಮುಗಿಸಿ, ಕೈ ತೊಳೆದರು. ನಾನು ಸೌಜನ್ಯಕ್ಕೆ ಕೇಳಿದೆ: "ನಿಮ್ಮ ಹೊಲ ಯಾವ ಕಡಿಗ್ರಿ?"

"ಇದೇ ರೀ."

ಹೆಂಡತಿ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟಳು.

"ನಿಮ್ದು ಮರದ ಆ ಕಡಿ" ಎಂದು ಅಜ್ಜ ಸಮಾಧಾನವಾಗಿ ಕೈ ತೋರಿಸಿದರು. ಅಲ್ಲಿ ಆಳೆತ್ತರದ ಬಳ್ಳಾರಿ ಜಾಲಿ. ಮುಳ್ಳಿನ ಮಧ್ಯೆ ಒಂದು ಮೇಕೆಗೂ ಜಾಗವಿರಲಿಲ್ಲ. "ನಿಮ್ಮ ಮುಖ ಥೇಟ್ ನಿಮ್ಮಪ್ಪಾರ್ದ ಐತಿ. ಅವರು ಇದ್ದಾಗ ಹತ್ತಿ ಬೆಳೀತಿದ್ರು."

"ಮೊದ್ಲೇ ಯಾಕ ಹೇಳ್ಲಿಲ್ರಿ?" ಎಂದೆ.

"ಹೆಂಗ ಹೇಳ್ಲಿ? ಉಣ್ಣಾಕ ಕರದ್ರಿ. ಕೂಸು ಬ್ಯಾರೆ ಅಷ್ಟು ಖುಷಿಲೆ ನಿಂತಿತ್ತು."

ಹೆಂಡತಿ ಜಾಲಿಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು. "ಹೊಲ ಅಂತೂ ಐತಿ. ಎಲ್ಲೈತಿ ಅಂತ ನಿಮಗೆ ಮಾತ್ರ ಗೊತ್ತಿದ್ದಿಲ್ಲ."

ಮಗಳಿಗೆ ಬೇಸರವೇನೂ ಆಗಲಿಲ್ಲ. ನಮ್ಮ ಹೊಲ ಪಾಪ ಉಪವಾಸ ಉಳಿಯಿತಲ್ಲ ಎಂದು ಬುಟ್ಟಿಯ ತಳದಲ್ಲಿದ್ದ ಕೊನೆಯ ಹಿಡಿ ಅನ್ನ ತೆಗೆದುಕೊಂಡು ಜಾಲಿಯ ಕಡೆ ಓಡಿದಳು. ಅಷ್ಟು ಹೊತ್ತು ನೆಮ್ಮದಿಯಿಂದ ಕೂತಿದ್ದ ಅಜ್ಜ ಗಾಬರಿಯಾಗಿ ಎದ್ದುಬಿಟ್ಟರು.

"ಏ ಬ್ಯಾಡವ್ವಾ, ಅದಕ್ಕ ಚೆಲ್ಲಬ್ಯಾಡ! ಉಪವಾಸ ಇದ್ದೇ ಅಷ್ಟು ಬೆಳದೈತಿ. ಉಂಡ್ರ ನನ್ನ ಹೊಲಕ್ಕ ಬರ್ತೈತಿ!"