ಒಂದೇ ಕೋಣೆಯ ಇಪ್ಪತ್ಮೂರು ಅಭ್ಯರ್ಥಿಗಳು

ಇಂದ:
ಐದನೇ ತರಗತಿಯ ಶಿಕ್ಷಕಿ,
ಸೇತುವೆ ಪಕ್ಕದ ಶಾಲೆ.

ಗೆ:
ಪ್ರವೇಶ ಪರೀಕ್ಷಾಧಿಕಾರಿಗಳು,
ಬಡಮಕ್ಕಳ ವಸತಿ ಶಾಲೆ ವಿಭಾಗ.

ವಿಷಯ: ತಡೆಹಿಡಿದ ಇಪ್ಪತ್ಮೂರು ಹಾಲ್ ಟಿಕೆಟ್‌ಗಳನ್ನು ಸೋಮವಾರದ ಪರೀಕ್ಷೆಗೆ ಮೊದಲು ಕೊಡುವ ಬಗ್ಗೆ.

ಉಲ್ಲೇಖ: 1. "ಒಂದೇ ವಿಳಾಸದಲ್ಲಿ 23 ಅಭ್ಯರ್ಥಿಗಳ ವಾಸ ಅನುಮಾನಾಸ್ಪದ" ಎಂಬ ತಮ್ಮ ನೋಟಿಸು.
2. ಸದರಿ ನೋಟಿಸಿನ ಸುದ್ದಿ ತಿಳಿದು ಮನೆ ಮಾಲೀಕರು ಮೆಟ್ಟಿಲ ಮೇಲೆ ನಿಂತು ಕೂಗಿದ್ದು (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಅಭ್ಯರ್ಥಿಗಳು ಸೇತುವೆಯ ಕೆಳಗೆ, ನಾಲ್ಕನೇ ಕಂಬದಿಂದ ಒಂಬತ್ತನೇ ಕಂಬದವರೆಗೆ ವಾಸವಿದ್ದರು. ಇರಲು ನೆಲೆಯಿಲ್ಲದ ಮಕ್ಕಳಿಗೆಂದೇ ತಾವು ವಸತಿ ಶಾಲೆ ತೆರೆದಿದ್ದೀರಿ. ಅದನ್ನು ಸೇರಲು ಮನೆ ನಂಬರು ಕಡ್ಡಾಯವೆಂದು ನಿಯಮ ಮಾಡಿದವರೂ ತಾವೇ.

2. ಅರ್ಜಿದಾರಳು "ಕಂಬ 4" ಎಂದು ತುಂಬಿದಾಗ ಕಂಪ್ಯೂಟರು ಒಪ್ಪಲಿಲ್ಲ. ಆದ ಕಾರಣ ತಮ್ಮ ಗುಮಾಸ್ತರನ್ನು ಕೇಳಲಾಯಿತು.

"ಕಂಬಕ್ಕೆಲ್ಲ ಯಾರು ಕಾಗದ ಹಾಕ್ತಾರೆ ಮೇಡಂ? ಯಾವ್ದಾದ್ರೂ ಒಂದು ಮನೆ ನಂಬರ್ ಹಾಕಿ, ಮುಂದೆ ಹೋಗ್ಲಿ."

"ಯಾರ ಮನೇದು ಸಾರ್?"

"ನಿಮ್ದೇ ಹಾಕಿ. ಅಷ್ಟೊಂದು ಪ್ರೀತಿ ಇದ್ಯಲ್ಲ!"

ಆದ್ದರಿಂದ ಹಾಕಲಾಯಿತು. ಇಪ್ಪತ್ಮೂರು ಸಲ.

3. ತಮ್ಮ ನೋಟಿಸು ಮೊದಲು ಅರ್ಜಿದಾರಳ ಅತ್ತೆಯ ಕೈಗೆ ಸಿಕ್ಕಿತು. "ನಾಲ್ಕು ವರ್ಷದಿಂದ ಒಂದಕ್ಕೇ ಕಾಯ್ತಿದ್ದೆ ಕಣೇ. ಸರ್ಕಾರ ನೋಡು, ಒಂದೇ ಏಟಿಗೆ ಇಪ್ಪತ್ಮೂರು ಕೊಡ್ತು" ಎಂದು ಅವರು ಕನ್ನಡಕ ಒರೆಸಿಕೊಂಡರು. ನಕ್ಕರೋ ಇಲ್ಲವೋ ಎಂಬುದು ದಾಖಲಾಗಿಲ್ಲ.

4. ವಿಳಾಸ ಸುಳ್ಳೆಂದು ಸಾಬೀತಾದರೆ ಮೂರು ವರ್ಷ ಪರೀಕ್ಷೆ ಬರೆಯುವಂತಿಲ್ಲವೆಂದು ನೋಟಿಸಿನಲ್ಲಿದೆ. ಮೂರು ವರ್ಷ ಕಳೆದರೆ ಇವರಲ್ಲಿ ಅರ್ಧ ಜನ ಗಾರೆ ಕೆಲಸದಲ್ಲಿ, ಇನ್ನರ್ಧ ಕಂಡವರ ಪಾತ್ರೆ ತೊಳೆಯುವುದರಲ್ಲಿ ಇರುತ್ತಾರೆ. ಅಲ್ಲಿ ಯಾರೂ ಮನೆ ನಂಬರು ಕೇಳುವುದಿಲ್ಲ. ಕಾರಣ, ವಿಳಾಸವನ್ನು ನಿಜ ಮಾಡುವುದೇ ಸೂಕ್ತವೆಂದು ತೀರ್ಮಾನಿಸಿ, ಮಂಗಳವಾರ ಎಲ್ಲರನ್ನೂ ಮನೆಗೆ ಕರೆತರಲಾಗಿದೆ.

5. ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಮಂಚದ ಮೇಲೆ ಅತ್ತೆ, ಕೆಳಗೆ ನಾಲ್ವರು ಅಭ್ಯರ್ಥಿಗಳು. ಅರ್ಜಿದಾರಳ ಗಂಡ ಒಲೆಯ ಪಕ್ಕ ಮುದುರಿ ಕುಳಿತು ಭಿನ್ನರಾಶಿ ಹೇಳಿಕೊಡುತ್ತಿದ್ದಾರೆ. "ಮಿಸ್, ನಿಮ್ಮನೆಗಿಂತ ನಮ್ಮ ಕಂಬಾನೇ ವಾಸಿ" ಎಂದು ಒಬ್ಬಳು ಆಕ್ಷೇಪಣೆ ಸಲ್ಲಿಸಿದ್ದು, ಅದನ್ನು ತಿರಸ್ಕರಿಸಲಾಗಿದೆ.

ಆದ್ದರಿಂದ ತಾವು ಶನಿವಾರದೊಳಗೆ ಸ್ಥಳ ಪರಿಶೀಲನೆ ನಡೆಸಿ, ತಲೆ ಎಣಿಸಿ, ಹಾಲ್ ಟಿಕೆಟ್‌ಗಳನ್ನು ಸ್ಥಳದಲ್ಲೇ ಕೊಟ್ಟು ಹೋಗಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮದೇ ದಾಖಲೆಯಂತೆ ಇಪ್ಪತ್ಮೂರು ಮಕ್ಕಳ ಮನೆಯಾಕೆ,
(ಸಹಿ)

ಲಗತ್ತುಗಳು:
1. ಬಾಡಿಗೆ ಕರಾರು ("ಹೆಚ್ಚೆಂದರೆ ಮೂವರು" ಎಂಬ ಷರತ್ತನ್ನು ಓದಬಾರದು).
2. ಹೆತ್ತವರ ಒಪ್ಪಿಗೆ ಪತ್ರಗಳು, ಇಪ್ಪತ್ಮೂರು. ಹತ್ತೊಂಬತ್ತರಲ್ಲಿ ಹೆಬ್ಬೆಟ್ಟು, ನಾಲ್ಕರಲ್ಲಿ ಸಹಿ. ಸಹಿ ಕಲಿಸಿದವರು ಅಭ್ಯರ್ಥಿಗಳೇ.

ವಿ.ಸೂ.: ಪರಿಶೀಲನೆಗೆ ಬರುವವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಎಣಿಸಿ ವರದಿ ಬರೆಯಬಾರದಾಗಿ ಕೋರಿಕೆ. ಮಕ್ಕಳ ಜೋಡಿಗಳು ಹದಿನಾರೇ ಇವೆ. ಮಕ್ಕಳು ಇಪ್ಪತ್ಮೂರೂ ಒಳಗಿದ್ದಾರೆ.