ಭಾವ ನೇತುಹಾಕಿದ ನೆಂಟರು

ನನ್ನ ಭಾವ ನನ್ನನ್ನು ಹನ್ನೊಂದು ಸಲ ಮರಕ್ಕೆ ನೇತುಹಾಕಿದ್ದಾರೆ. ಗಾಬರಿಯಾಗಬೇಡಿ, ಪೊಲೀಸರಿಗೆ ಹೇಳುವಂಥದ್ದೇನೂ ಇಲ್ಲ! ಹನ್ನೊಂದು ಸಲವೂ ಹಾಡಹಗಲಿನಲ್ಲಿ, ಹಿನಕಲ್‌ನ ಅವರ ಮನೆಯ ಹಿತ್ತಲ ಹುಣಸೆಮರದಲ್ಲಿ, ನನ್ನ ಸ್ವಂತ ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುವಾಗಲೇ ಈ ಕಾರ್ಯ ನಡೆದಿದೆ. ಒಡಹುಟ್ಟಿದವಳಲ್ಲವೇ, ಅಯ್ಯೋ ಎಂದು ಓಡಿ ಬಂದಿರಬೇಕು ಎಂದುಕೊಂಡಿರಾ? ಹಾಗಾದರೆ ನೀವು ನಮ್ಮಕ್ಕನನ್ನು ಕಂಡಿಲ್ಲ. ಅವಳು ಸೌಟು ಹಿಡಿದುಕೊಂಡೇ, "ಉಪ್ಪಿಟ್ಟು ಆರೋಗ್ತಾ ಅದೆ ಕಣ್ರೀ, ಅವನ್ನ ಇಳಿಸೋದಾದ್ರೆ ಬೇಗ ಇಳಿಸ್ರೀ" ಎಂದು ಕೂಗಿ ಒಗ್ಗರಣೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಭಾವನ ಕಸುಬೇ ಮರ ಹತ್ತುವುದು. "ಮರ ಕಡಿಯೋರಾ?" ಎಂದು ಯಾರಾದರೂ ಕೇಳಿದರೆ ಅವರ ಮೀಸೆ ನೆಟ್ಟಗಾಗುತ್ತದೆ. "ಕಡಿಯಾಕೆ ಯಾರಾದ್ರೂ ಆಯ್ತರೆ ಸ್ವಾಮಿ. ನಾನು ಮರ ಸವರೋನು." ಮನೆಯ ಮೇಲೆ ಬಾಗಿದ ಕೊಂಬೆ, ಕರೆಂಟು ತಂತಿಗೆ ತಾಗುವ ರೆಂಬೆ, ಒಣಗಿ ನಿಂತು ದಾರಿಹೋಕರ ತಲೆ ಕಾಯುತ್ತಿರುವ ಟೊಂಗೆ, ಇವನ್ನೆಲ್ಲ ಮರಕ್ಕೆ ನೋವಾಗದಂತೆ, ಗಾಯದ ಮೇಲೆ ತೊಗಟೆ ಮತ್ತೆ ಬೆಳೆದು ಮುಚ್ಚಿಕೊಳ್ಳುವಂತೆ ಕತ್ತರಿಸುವುದು ಅವರ ವಿದ್ಯೆ. ಮೊದಲಿಗೆ ಅವರೂ ಎಲ್ಲರಂತೆ ಸೊಂಟಕ್ಕೊಂದು ಹಗ್ಗ ಸುತ್ತಿಕೊಂಡು, ಬಾಯಲ್ಲಿ ಮಚ್ಚು ಕಚ್ಚಿಕೊಂಡು ಹತ್ತುತ್ತಿದ್ದವರೇ. ಆಮೇಲೆ ಎಲ್ಲೋ ಒಂದು ವಾರದ ತರಬೇತಿ ಎಂದು ಹೋದರು. ವಾಪಸ್ಸು ಬರುವಾಗ ಒಂದು ಮೂಟೆ ಬೆಲ್ಟು, ಕೊಕ್ಕೆ, ರಾಟೆ, ಹಳದಿ ಹೆಲ್ಮೆಟ್ಟು ಹೊತ್ತುಕೊಂಡು ಬಂದರು. ಅಲ್ಲಿಗೆ ನಮ್ಮ ನೆಂಟರಿಷ್ಟರ ನೆಮ್ಮದಿ ಮುಗಿಯಿತು.

ಆ ತರಬೇತಿಯವರು ಅದೇನು ಹೇಳಿಕೊಟ್ಟರೋ, ಭಾವನ ಕಣ್ಣಿಗೆ ಲೋಕದಲ್ಲಿರುವ ಪ್ರತಿಯೊಬ್ಬನೂ ಇನ್ನೇನು ಬೀಳಲಿರುವವನಂತೆ ಕಾಣತೊಡಗಿದ. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಲು ಅಕ್ಕ ಸ್ಟೂಲು ಹತ್ತಬೇಕಾದರೂ ಹೆಲ್ಮೆಟ್ಟು ಹಾಕಲೇಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಅಲ್ಲಾಡಿಸಿ ನೋಡಿ, ಇದು ನನ್ನ ಭಾರ ತಡೆಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ಅವರು ಮುಂದಿನ ಹೆಜ್ಜೆ ಇಡುವುದು. ಒಂದು ದಿನ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ಬೈಕು ನಿಲ್ಲಿಸಿಕೊಂಡಿದ್ದ ಅಪರಿಚಿತನ ಗದ್ದಕ್ಕೆ ಕೈ ಹಾಕಿ, "ಪಟ್ಟಿ ಸಡಿಲ ಆಗ್ಯದಲ್ಲಪ್ಪ, ಇದು ಹೆಲ್ಮೆಟ್ಟೋ, ಅನ್ನ ಬಸಿಯೋ ತಟ್ಟೆಯೋ?" ಎಂದು ಬಿಗಿ ಮಾಡಿಯೇಬಿಟ್ಟರು. ಆತ ತಿರುಗಿ ನೋಡಿದ. ಮಳೆಕೋಟಿನ ಒಳಗೆ ಖಾಕಿ ಬಟ್ಟೆಯಿತ್ತು! ನಾನು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಇದ್ದಷ್ಟೂ ಕುಗ್ಗಿ ಕುಳಿತೆ. ಪುಣ್ಯಾತ್ಮ, "ಥ್ಯಾಂಕ್ಸ್ ಯಜಮಾನ್ರೇ" ಎಂದು ಹೊರಟುಹೋದ.

ಇಷ್ಟೆಲ್ಲ ಮುಂಜಾಗ್ರತೆಯವರು ಮರ ಹತ್ತುವುದಾದರೂ ಯಾವಾಗ ಎನ್ನುತ್ತೀರಾ? ಗಿರಾಕಿಗಳ ಪ್ರಶ್ನೆಯೂ ಅದೇ. ಕುವೆಂಪುನಗರದಲ್ಲಿ ಒಬ್ಬರು ಗುಲ್‌ಮೊಹರ್ ಸವರಲು ಕರೆಸಿದ್ದರು. ಭಾವ ಮರಕ್ಕೆ ಮೂರು ಸುತ್ತು ಬಂದರು. ಬುಡಕ್ಕೆ ಕೊಡತಿಯಿಂದ ಬಡಿದು ಕಿವಿಗೊಟ್ಟರು. ದುರ್ಬೀನು ತೆಗೆದು ಒಂದೊಂದೇ ಕೊಂಬೆಯನ್ನು ನೋಡಿದರು. ಮನೆಯವರು ಎರಡು ಸಲ ಕಾಫಿ ಕೊಟ್ಟರು. ಕಡೆಗೆ ಭಾವ, "ಬುಡ ಟೊಳ್ಳಾಗ್ಯದೆ, ಇದನ್ನ ಹತ್ತಾಕಾಗಲ್ಲ" ಎಂದು ದುರ್ಬೀನು ಮಡಚಿಟ್ಟರು.

"ಏನ್ರೀ ನೀವು, ಮರ ಹತ್ತಕ್ಕೆ ಬಂದ್ರೋ, ಮರದ ಜಾತಕ ನೋಡಕ್ಕೆ ಬಂದ್ರೋ?" ಎಂದು ಮನೆಯ ಯಜಮಾನರು ರೇಗಿದರು.

"ಮೇಲಕ್ಕೋದ್ಮೇಲೆ ಜಾತಕ ನೋಡಿ ಏನು ಪ್ರಯೋಜನ ಸ್ವಾಮಿ?" ಎಂದರು ಭಾವ. ಮುಂದಿನ ಗಾಳಿಗೇ ಆ ಮರ ಬುಡ ಸಮೇತ ಮಲಗಿತು ಎಂದು ಕೇಳಿದೆ. ಆದರೆ ಆ ಯಜಮಾನರು ಈಗಲೂ ಭಾವನ ಬಗ್ಗೆ ಹೇಳುವುದು ಎರಡು ಕಾಫಿ ಕುಡಿದು ಹೋದ ಮನುಷ್ಯ ಎಂದೇ.

ಇನ್ನು ನೇತುಹಾಕುವ ವಿಚಾರ. ಮರದ ಮೇಲಿರುವವನು ಪೆಟ್ಟಾಗಿಯೋ ತಲೆ ಸುತ್ತಿಯೋ ಇಳಿಯಲಾಗದೆ ಬೆಲ್ಟಿನಲ್ಲಿ ಸುಮ್ಮನೆ ನೇತಾಡುತ್ತ ಉಳಿದನೆನ್ನಿ, ಕಾಲಿಗೆ ಇಳಿದ ರಕ್ತ ಕಾಲಿನಲ್ಲೇ ನಿಂತು ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಸಂಚಕಾರ ಬರುತ್ತದಂತೆ. ಅದಕ್ಕೇ ಕೆಳಗಿರುವವನಿಗೆ ಅವನನ್ನು ಇಳಿಸಲು ಬರಲೇಬೇಕು. ಏರ್ಪಾಡೇನೋ ಸುಲಭದ್ದು. ಹತ್ತಿದವನ ಬೆಲ್ಟಿನಿಂದ ಹೊರಟ ಹಗ್ಗ ಗಟ್ಟಿಯಾದ ಕವಲೊಂದರ ಮೇಲಿಂದ ಹಾದು ಮರದ ಬುಡಕ್ಕೆ ಬರುತ್ತದೆ. ಅಲ್ಲೊಂದು ಬ್ರೇಕು. ಅದರ ಹಿಡಿಕೆಯನ್ನು ಮೆಲ್ಲಗೆ ಎಳೆದರೆ ಹಗ್ಗ ಜಾರಿ ಮೇಲಿನವನು ಇಳಿಯುತ್ತಾನೆ. ಬಿಟ್ಟರೆ ನಿಲ್ಲುತ್ತಾನೆ. ಗಾಬರಿಯಿಂದ ಜೋರಾಗಿ ಎಳೆದರೂ ಬ್ರೇಕು ಕಚ್ಚಿಕೊಂಡು ನಿಂತೇಬಿಡುತ್ತದೆ. ಸಮಾಧಾನವಿದ್ದರೆ ಮಾತ್ರ ಆಗುವ ಕೆಲಸ ಅದು.

ಇದನ್ನು ಅಭ್ಯಾಸ ಮಾಡಲು ಮೇಲೆ ಯಾರಾದರೂ ನೇತಾಡಬೇಕಲ್ಲ? ಮನೆಗೆ ಬಂದ ನೆಂಟರು ಮತ್ತೇಕಿರುವುದು! ಭಾವನ ಷಡ್ಡಕ, ಬೀಗರು, ಗ್ಯಾಸ್ ಸ್ಟೌ ರಿಪೇರಿಗೆಂದು ಬಂದವನು, ಎಲ್ಲರೂ ಆ ಹುಣಸೆಮರದಲ್ಲಿ ತೂಗಿದವರೇ. ಮಗಳ ಮದುವೆಯಾದ ಮೊದಲ ದೀಪಾವಳಿಗೆ ಹೊಸ ಅಳಿಯ ಬಂದ. ಎಣ್ಣೆಸ್ನಾನ ಮಾಡಿ, ಮಾವ ಕೊಟ್ಟ ರೇಷ್ಮೆ ಪಂಚೆ ಉಟ್ಟು ಹಿತ್ತಲಿಗೆ ಬಂದದ್ದೇ ತಪ್ಪಾಯಿತು. ತೊಡೆಗಳ ಸಂದಿಯಲ್ಲಿ ಪಟ್ಟಿ ಹಾದು ಹೋಗುವ ಬೆಲ್ಟು, ಉಟ್ಟದ್ದು ಪಂಚೆ, ನೆಲದಿಂದ ಹದಿನೈದು ಅಡಿ ಎತ್ತರ, ಕೆಳಗೆ ಅತ್ತೆ, ಹೆಂಡತಿ ಮತ್ತು ಪಟಾಕಿ ಹೊಡೆಯಲು ಸೇರಿದ್ದ ಬೀದಿಯ ಜನ. ಉಳಿದದ್ದನ್ನು ನಾನು ಬರೆಯುವುದಿಲ್ಲ. ಅಂದಿನಿಂದ ಅಳಿಯ ಹಬ್ಬಕ್ಕೆ ಜೀನ್ಸ್ ಪ್ಯಾಂಟಿನಲ್ಲೇ ಬರುತ್ತಾನೆ.

ಎಲ್ಲರಿಗೂ ಒಂದೊಂದು ಸಲವಾದರೆ ನನಗೆ ಮಾತ್ರ ಹನ್ನೊಂದು ಯಾಕೆ? "ನೀನು ಹದವಾದ ತೂಕ ಕಣೋ. ನಾನು ಗರಗಸ ಗಿರಗಸ ಎಲ್ಲ ಕಟ್ಕೊಂಡ್ರೆ ಎಷ್ಟು ತೂಗ್ತೀನೋ, ನೀನು ಬರೀ ಮೈಲೇ ಅಷ್ಟು ತೂಗ್ತೀಯ" ಎನ್ನುತ್ತಿದ್ದರು. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತು ಕುಳಿತು ಬೆಳೆಸಿದ ದೇಹಕ್ಕೆ ಸಿಕ್ಕ ಏಕೈಕ ಮೆಚ್ಚುಗೆ ಅದು. ನನ್ನನ್ನು ಮೇಲೆ ತೂಗಿಬಿಟ್ಟು, ತಮ್ಮ ಜೊತೆಗಾರರಿಬ್ಬರಿಗೆ ಇಳಿಸುವುದನ್ನು ಕಲಿಸುತ್ತಿದ್ದರು. ಅವರಿಬ್ಬರೂ ಚೆನ್ನಾಗಿಯೇ ಕಲಿತರು. ಕಲಿತ ಮೇಲೆ ಒಬ್ಬ ಹೆಬ್ಬಾಳದ ಫ್ಯಾಕ್ಟರಿಯ ಶಿಫ್ಟಿಗೆ ಸೇರಿಕೊಂಡ. ಇನ್ನೊಬ್ಬನಿಗೆ ಮಂಡಿನೋವು ಹಿಡಿದುಕೊಂಡಿತು, ಬೆಟ್ಟದ ಪಾದದಲ್ಲಿ ಕಬ್ಬಿನ ಹಾಲಿನ ಗಾಡಿ ಇಟ್ಟ. ಹಗ್ಗದ ಬುಡಕ್ಕೆ ಯಾರೂ ಇಲ್ಲದಂತಾಯಿತು. ನಂಬಿಗಸ್ತ ಸಿಗದಿದ್ದರೆ ಹತ್ತುವುದನ್ನೇ ಬಿಡುತ್ತೇನೆ ಎಂದು ಭಾವ ಮಂಕಾಗಿ ಕುಳಿತರು. ಎರಡು ವಾರ ಅವರು ಹಾಗೆ ಕುಳಿತದ್ದನ್ನು ನೋಡಲಾರದೆ ನಾನು, "ಭಾನುವಾರ ನಾನು ಬರ್ತೀನಿ ಭಾವ" ಎಂದುಬಿಟ್ಟೆ.

ಅಂದೆನೇ ಹೊರತು, ಒಳಗೊಳಗೆ ನನಗೇ ಅಳುಕು. ನಾನು ಎಂಥ ಧೈರ್ಯಸ್ಥ ಎಂಬುದು ನಮ್ಮ ಮನೆತನಕ್ಕೆಲ್ಲ ಗೊತ್ತು. ಚಾಮುಂಡಿ ಬೆಟ್ಟದಲ್ಲಿ ಕೋತಿ ಹಲ್ಲು ಕಿರಿಯಿತೆಂದು ಕಟ್ಟಿಕೊಂಡ ಹೆಂಡತಿಯನ್ನೂ ಹಣ್ಣುಕಾಯಿಯ ಬುಟ್ಟಿಯನ್ನೂ ಬಿಟ್ಟು ಓಡಿದವನು ನಾನು. ಕೋತಿ ಬುಟ್ಟಿಯನ್ನು ಒಯ್ದಿತು. ಹೆಂಡತಿ ಇನ್ನೂ ಆ ಮಾತು ಎತ್ತುತ್ತಾಳೆ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, ಯಾವತ್ತೂ ಇಲ್ಲದ ಮೆಲುದನಿಯಲ್ಲಿ, "ಲೋ, ನೀನು ಓಡ್ಹೋದ್ರೆ ಅವರು ಮೇಲೇ ಉಳಿಯೋದು ಕಣೋ" ಎಂದಳು. ನನಗೆ ನಗು ಬರಲಿಲ್ಲ.

ಹಿಡಿಕೆ ಹಿಡಿದ ಮೊದಲ ದಿನ, ಹಿತ್ತಲಿನಲ್ಲೇ, ಈ ಸಲ ಭಾವ ಮೇಲೆ ನಾನು ಕೆಳಗೆ. ಅರ್ಧ ಇಳಿಸಿದ್ದೆ, ಫೋನು ಬಂತು. ಜಗುಲಿಗೆ ಹೋಗಿ ಮಾತನಾಡಿದೆ. ಅಕ್ಕ ಲೋಟ ಕೈಗಿತ್ತಳು. ಅಭ್ಯಾಸ ಬಲ ನೋಡಿ, ಕುಡಿದು, ಬಾಯಿ ಒರೆಸಿಕೊಂಡು ಬಂದೆ. ಭಾವ ಎಂಟಡಿ ಮೇಲೆ ಕೈಕಟ್ಟಿಕೊಂಡು ತೂಗುತ್ತಿದ್ದರು.

"ಯಾರ್ದು ಫೋನು?"

"ರಾಂಗ್ ನಂಬರು ಭಾವ."

"ಕಾಫಿ?"

"ಅಕ್ಕ ಕೊಟ್ಳು."

"ಚೆನ್ನಾಗಿತ್ತಾ?"

ಇಳಿದ ಮೇಲೆ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಹಗ್ಗವನ್ನು ಸುರುಳಿ ಸುತ್ತುತ್ತ ಇಷ್ಟೇ ಹೇಳಿದರು: "ಫೋನ್ ಬರ್ಲಿ, ಮಳೆ ಬರ್ಲಿ, ಭೂಮಿ ಬಾಯಿಬುಡ್ಲಿ, ಮೇಲೊಬ್ಬ ಇರೋಗಂಟ ಕೆಳಗಿರೋನು ಅಗ್ಗದ ಬುಡ ಬುಟ್ಟು ಓಗಬಾರ್ದು. ಇದೊಂದು ತಪ್ಪಿದ್ರೆ ಮಿಕ್ಕಿದ್ದೆಲ್ಲ ಸುಮ್ನೆ ಕಣೋ." ಆಮೇಲೆ ಪ್ರತಿ ಭಾನುವಾರ ಕೆಲಸ ಶುರುವಾಗುವ ಮುಂಚೆ ಆ ಮಾತನ್ನು ನನ್ನ ಬಾಯಿಂದ ಒಪ್ಪಿಸಿಕೊಂಡೇ ಅವರು ಮರಕ್ಕೆ ಕಾಲಿಡುತ್ತಿದ್ದರು. ಈ ಮನುಷ್ಯನಿಗೆ ನನಗಿಂತ ಅವರ ರೂಲ್ಸೇ ಹೆಚ್ಚು ಎಂದು ನಾನು ಹೆಂಡತಿಯ ಹತ್ತಿರ ಗೊಣಗಿದ್ದೂ ಉಂಟು.

ಈ ವರ್ಷ ಬೇಸಿಗೆಯ ಒಂದು ಭಾನುವಾರ. ಸರಸ್ವತಿಪುರದ ಹಳೆಯ ಮನೆಯೊಂದರ ಮಳೆಮರ, ಹೆಂಚಿನ ಮೇಲೆ ಬಾಗಿದ ದಪ್ಪ ಕೊಂಬೆ. ಭಾವ ಎಂದಿನಂತೆ ದುರ್ಬೀನಿನಲ್ಲಿ ಮರವನ್ನೆಲ್ಲ ಜಾಲಾಡಿ, ಗೂಡು ಗೀಡು ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ನಲವತ್ತು ಅಡಿ ಮೇಲೆ ಹೋಗಿದ್ದರು. ಮರದಲ್ಲಿ ಇರಲಿಲ್ಲ, ನಿಜ. ಹೆಜ್ಜೇನಿದ್ದದ್ದು ಹಿಂದಿನ ಬೀದಿಯ ಕಟ್ಟಡದ ನೀರಿನ ಟ್ಯಾಂಕಿನ ಅಡಿಯಲ್ಲಿ. ಎಲ್ಲಿತ್ತೋ ಒಂದು ಗಿಡುಗ, ಬಂದು ಆ ಜೇನುಹುಟ್ಟಿಗೆ ಕುಕ್ಕಿತು.

ಮೊದಲು ಸದ್ದು ಬಂತು. ಆಮೇಲೆ ಬಿಸಿಲು ಮಂಕಾಯಿತು. ಕೊಂಬೆ ಎಳೆದು ಹಾಕಲು ಬಂದಿದ್ದ ಇಬ್ಬರು ಆಳುಗಳು, ಮನೆಯ ಯಜಮಾನರು, ಅವರ ನಾಯಿ, ಎಲ್ಲರೂ ಒಳಗೆ ಓಡಿ ಬಾಗಿಲು ಹಾಕಿಕೊಂಡರು. ನನ್ನ ಕುತ್ತಿಗೆಗೆ ಎರಡು, ಕಿವಿಗೊಂದು ಚುಚ್ಚಿದವು. ತಲೆಯೆತ್ತಿ ನೋಡಿದರೆ ಭಾವ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಕೊಂಬೆಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚುತ್ತಿದ್ದಾರೆ. ಬೆರಳ ಸಂದಿಯಿಂದ ನನ್ನನ್ನು ನೋಡಿದರು. ನೋಡಿ ಕೂಗಿದರು.

"ಓಡು! ಅಗ್ಗ ಬುಟ್ಟು ಓಡೋ! ಒಳಕ್ಕೋಗೋ!"

ನನ್ನ ಕಾಲುಗಳಂತೂ ಆಗಲೇ ಸಿದ್ಧವಾಗಿದ್ದವು, ಅವಕ್ಕೆ ಅಪ್ಪಣೆಯ ಅಗತ್ಯವೇ ಇರಲಿಲ್ಲ! ಅದು ಹೇಗೆ ನಿಂತೆನೋ ತಿಳಿಯದು. ಹಿಡಿಕೆ ಹಿಡಿದು ಜಗ್ಗಿದೆ, ಬ್ರೇಕು ಕಚ್ಚಿಕೊಂಡಿತು. ಮತ್ತೆ ಜಗ್ಗಿದೆ, ಮತ್ತೆ ಕಚ್ಚಿಕೊಂಡಿತು. ರೆಪ್ಪೆಯ ಮೇಲೊಂದು ಕುಟುಕಿತು. ಆಗ ಕಣ್ಣು ಮುಚ್ಚಿಕೊಂಡು, ಎಳೆಮಗುವನ್ನು ತೊಟ್ಟಿಲಿಗೆ ಇಳಿಸುವವನ ಹಾಗೆ ಮೆಲ್ಲಗೆ, ಮೆಲ್ಲಗೆ ಎಳೆದೆ. ಹಗ್ಗ ಜಾರಿತು. ನಲವತ್ತು ಅಡಿ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಮೇಲಿನಿಂದ "ಓಡೋ, ಓಡೋ" ಎಂಬ ಕೂಗು ಇಳಿಯುತ್ತ ಇಳಿಯುತ್ತ ಹತ್ತಿರವಾಗಿ, ಕೊನೆಗೆ ನನ್ನ ಭುಜದ ಮೇಲೆಯೇ ಬಿತ್ತು. ಅಷ್ಟರಲ್ಲಿ ಭಾವನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಹಗ್ಗದ ಕೊಕ್ಕೆ ಕಳಚಿ, ಕೈ ಹಿಡಿದು ಎಳೆದುಕೊಂಡು ಓಡಿದೆ. ಯಜಮಾನರು ಬಾಗಿಲನ್ನು ಒಂದು ಗೇಣು ತೆರೆದರು. ಒಂದು ಗೇಣಿನಲ್ಲಿ ನನ್ನ ಈ ಗಾತ್ರ ಹೇಗೆ ತೂರಿತೆಂದು ಈಗಲೂ ಆಶ್ಚರ್ಯವಾಗುತ್ತದೆ.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಇಂಜೆಕ್ಷನ್ನು, ಡ್ರಿಪ್ಪು. ಓಡೋಡಿ ಬಂದ ಅಕ್ಕ ಬಾಗಿಲಲ್ಲೇ ನಿಂತು ಎರಡು ಕುಂಬಳಕಾಯಿಗಳನ್ನು ಬದಲಾಯಿಸಿ ಬದಲಾಯಿಸಿ ನೋಡಿ, "ಇದ್ರಲ್ಲಿ ನಮ್ಮವರು ಯಾರಮ್ಮಾ?" ಎಂದು ನರ್ಸನ್ನು ಕೇಳಿದಳಂತೆ. ಬೆಲ್ಟು ಬಿಚ್ಚಲು ಒಪ್ಪದೆ ಒಬ್ಬರು ಜಗಳವಾಡುತ್ತಿದ್ದುದನ್ನು ಕಂಡ ಮೇಲೆ ಅವಳಿಗೆ ಗಂಡ ಯಾರೆಂದು ತಿಳಿಯಿತು. ಇಬ್ಬರ ಜೀವಕ್ಕೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಅವಳು ಕುಳಿತದ್ದು.

ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಮಂಚದಿಂದ ದನಿ ಬಂತು. "ಲೋ, ಓಡು ಅಂದ್ನಲ್ಲೋ. ಯಾಕೋ ಓಡ್ಲಿಲ್ಲ?"

"ನೀವು ತಾನೇ ಭಾವ, ಭೂಮಿ ಬಾಯಿಬಿಟ್ರೂ ಹೋಗಬಾರ್ದು ಅಂದಿದ್ದು? ಪ್ರತಿ ಭಾನುವಾರ ಬಾಯಿಪಾಠ ಮಾಡಿಸಿ, ಈಗ ನೀವೇ ರೂಲ್ಸು ಮುರಿದ್ರೆ?"

ಅವರು ನಗುತ್ತಾರೆಂದುಕೊಂಡೆ. ಅವರು ನನ್ನ ದನಿಯ ಕಡೆಗೆ ಹೊರಳಿದರು.

"ಅವು ನಿನ್ನ ಮುತ್ಕೊಂಡಿದ್ದು ಮೇಲಿಂದ ಕಾಣ್ತಿತ್ತು ಕಣೋ" ಎಂದರು. "ನನ್ ಕೈಲಿ ನೋಡಾಕಾಗ್ಲಿಲ್ಲ. ನನಗೇನಾದ್ರೂ ಆಗ್ಲಿ, ನೀನು ಉಳ್ಕೊ ಅನ್ನಿಸ್ಬುಡ್ತು. ನೀನು ಓಡೋಗಿದ್ರೂ ನಾನು ಬೇಜಾರು ಮಾಡ್ಕೊತಿರ್ಲಿಲ್ಲ."

ನನ್ನ ಕಣ್ಣೂ ಊದಿ ಸಣ್ಣ ಸಂದಿಯಷ್ಟೇ ಉಳಿದಿದ್ದರೂ ನೀರು ಎಲ್ಲಿಂದಲೋ ದಾರಿ ಮಾಡಿಕೊಂಡು ಇಳಿಯುತ್ತಲೇ ಇತ್ತು. ನಾನು ಮೂಗೆಳೆದದ್ದು ಅವರಿಗೆ ಕೇಳಿಸಿರಬೇಕು.

"ಜೇನಿನ ವಿಷ ಕಣೋ, ಅಂಗೇ ಸುರೀತದೆ, ಸುಮ್ಕಿರು" ಎಂದರು ಭಾವ, ಹೊದಿಕೆಯ ಅಂಚಿನಲ್ಲಿ ತಮ್ಮ ಕೆನ್ನೆ ಒರೆಸಿಕೊಳ್ಳುತ್ತ.